ಹಳೆಯ ಫೋನಿನ ಹೊರೆ ಇಳಿಸೋಣ

ಲೆಕ್ಕಶಾಸ್ತ್ರದಲ್ಲಿ ನಾವು ಸವಕಳಿ ಓದುತ್ತೇವೆ: ಬಳಸಿದಂತೆ ಆಸ್ತಿಯ ಮೌಲ್ಯ ಇಳಿಯುತ್ತದೆ. ಆದರೆ ಹಳೆಯ ಮೊಬೈಲ್ ನಿಧಾನವಾಗಲು ಸವೆತವೊಂದೇ ಕಾರಣವಲ್ಲ. ರ್‍ಯಾಮ್ ಅಷ್ಟೇ ಇರುತ್ತದೆ, ಆ್ಯಪ್‌ಗಳು ಭಾರವಾಗುತ್ತಾ ಹೋಗುತ್ತವೆ. ಕಂಪನಿಯೇ ತುಂಬಿಸಿದ, ನಾವು ಎಂದೂ ತೆರೆಯದ ಆ್ಯಪ್‌ಗಳೂ ಹಿನ್ನೆಲೆಯಲ್ಲಿ ಓಡುತ್ತಿರುತ್ತವೆ.

ಅಬ್ಬಾ, ಅಣ್ಣ ಇಬ್ಬರೂ ಬಳಸಿ ನನ್ನ ಕೈಗೆ ಬಂದ 2 ಜಿಬಿ ರ್‍ಯಾಮ್‌ನ ಫೋನಿನಲ್ಲಿ ನಾನು ಮೊದಲೆರಡು ಹಂತ ಮಾಡಿದ್ದೇನೆ.

ಹಂತ 1: ಸೆಟ್ಟಿಂಗ್ಸ್‌ನ ಆ್ಯಪ್ಸ್‌ನಲ್ಲಿ ಬೇಡದ್ದನ್ನು ಅನ್‌ಇನ್‌ಸ್ಟಾಲ್ ಮಾಡಿ. ಆಗದಿದ್ದರೆ ಡಿಸೇಬಲ್ ಒತ್ತಿ. ಏನೆಂದು ಗೊತ್ತಿಲ್ಲದ್ದನ್ನು ಮುಟ್ಟಬೇಡಿ.

ಹಂತ 2: ಡಿಸೇಬಲ್ ಕೂಡ ಆಗದವನ್ನು ಕಂಪ್ಯೂಟರ್‌ಗೆ ಜೋಡಿಸಿ, ಎಡಿಬಿ ಎಂಬ ಸಾಧನದಿಂದ ತೆಗೆಯಬಹುದು. ಬಿಲ್ಡ್ ನಂಬರ್ ಮೇಲೆ 7 ಬಾರಿ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ. ಅಲ್ಲಿ ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ, ಕೆಲಸ ಮುಗಿದೊಡನೆ ಆಫ್ ಮಾಡಿ. ಹೀಗೆ ತೆಗೆದದ್ದು ಫ್ಯಾಕ್ಟರಿ ರೀಸೆಟ್ ಮಾಡಿದರೆ ಮರಳುತ್ತದೆ.

ಹಂತ 3: ಆಪರೇಟಿಂಗ್ ಸಿಸ್ಟಮನ್ನೇ ಬದಲಿಸುವುದು. ಆಂಡ್ರಾಯ್ಡ್‌ನ ಮೂಲ ಕೋಡ್ ಎಲ್ಲರಿಗೂ ಮುಕ್ತ. 2016ರಲ್ಲಿ ನಿಂತುಹೋದ ಸೈನೋಜೆನ್‌ಮಾಡ್‌ನಿಂದ ಹುಟ್ಟಿದ ಲೀನಿಯೇಜ್‌ಓಎಸ್, ಕಂಪನಿ ಕೈಬಿಟ್ಟ ಹಲವು ಮಾಡೆಲ್‌ಗಳಿಗೂ ಸೆಕ್ಯುರಿಟಿ ಅಪ್‌ಡೇಟ್ ಕೊಡುತ್ತದೆ. ಆದರೆ ಇದಕ್ಕಾಗಿ ಬೂಟ್‌ಲೋಡರ್ ಅನ್‌ಲಾಕ್ ಮಾಡಿದಾಗ ಫೋಟೊ, ನೋಟ್ಸ್ ಎಲ್ಲವೂ ಅಳಿಯುತ್ತವೆ. ಕೆಲವು ಬ್ಯಾಂಕ್, ಯುಪಿಐ ಆ್ಯಪ್‌ಗಳು ಆಮೇಲೆ ಓಡುವುದೇ ಇಲ್ಲ. ಬಂದರಿನಲ್ಲಿ ಮೀನಿನ ಹಣ ಬರುವ ಫೋನಿಗೆ ಇದು ಬೇಡ.

ಒಂದು ಮಾತು ನೆನಪಿರಲಿ. ಮೊದಲೆರಡು ಹಂತ ಫೋನನ್ನು ಹಗುರ ಮಾಡುತ್ತವೆ, ನಿಂತುಹೋದ ಸೆಕ್ಯುರಿಟಿ ಅಪ್‌ಡೇಟನ್ನು ತರುವುದಿಲ್ಲ. ಆದ್ದರಿಂದ ಮನೆಯ ಹಣದ ವ್ಯವಹಾರ ಅಪ್‌ಡೇಟ್ ಬರುವ ಫೋನಿನಲ್ಲೇ ಇರಲಿ. ನೋಟ್ಸ್, ಪಾಠದ ವಿಡಿಯೊಗಳಿಗೆ ಹಳೆಯದು ಸಾಕು. ಹೊಸ ಫೋನಿನ ದುಡ್ಡು ಫೀಸಿಗೆ ಉಳಿಯುತ್ತದೆ.