ಕಾಲ ದಾಟುವ ಮೊದಲು ಪಂಚಾಂಗ ನೋಡಿ

ಮಾಯೆ, ಮಂತ್ರ, ಕಾಲಪ್ರಯಾಣ ಎಲ್ಲ ಸೇರಿಸಿ ಹದಿಹರೆಯದವರಿಗೆಂದು ಕಾದಂಬರಿ ಬರೆಯಲು ಕೂತಿದ್ದೀರಿ ಅಂದರೆ ನನಗೆ ಸಂತೋಷವೇ. ಚಿಕ್ಕ ಮಕ್ಕಳ ಕಥೆ ಮುಗಿಸಿ, ದೊಡ್ಡವರ ಕಾದಂಬರಿಗೆ ಇನ್ನೂ ಕೈಹಾಕದ ಆ ವಯಸ್ಸಿನವರಿಗೆ ಕನ್ನಡದಲ್ಲಿ ಏನು ಕೊಡೋಣ ಎಂದು ಹುಡುಕಿದರೆ ಕಪಾಟು ಅರ್ಧ ಖಾಲಿ. ಹಾಗಾಗಿ ನಿಮ್ಮ ಉತ್ಸಾಹಕ್ಕೆ ನಾನು ತಣ್ಣೀರು ಎರಚುವವಳಲ್ಲ. ಒಂದಿಷ್ಟು ಗದರುತ್ತೇನೆ, ಅಷ್ಟೆ. ಬೇಸರ ಮಾಡಿಕೊಳ್ಳಬೇಡಿ.

ಮೊದಲು ಆ ನಕ್ಷೆ ಮಡಚಿಡಿ. ಏಳು ರಾಜ್ಯ, ಮೂರು ಚಂದ್ರ, ಮಂತ್ರವಾದಿಗಳ ಹತ್ತು ತಲೆಮಾರಿನ ವಂಶಾವಳಿ, ಐದು ಭಾಗಗಳ ಸರಣಿಗೆ ಐದು ಮುಖಪುಟ, ಎಲ್ಲ ಸಿದ್ಧವಾಗಿದೆ. ಕಥೆ ಮಾತ್ರ ನಾಲ್ಕನೇ ಪುಟ ದಾಟಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂಬ ಗಾದೆ ನಿಮ್ಮಂಥವರನ್ನು ನೋಡಿಯೇ ಹುಟ್ಟಿರಬೇಕು. ಒಂದು ಪುಸ್ತಕ ಬರೆದು ಮುಗಿಸಿ. ಎರಡನೆಯದರ ಮಾತು ಆಮೇಲೆ.

ಬರೆಯುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಇಟ್ಟುಕೊಳ್ಳಿ: ನಿಮ್ಮ ಹುಡುಗಿ ಹಿಂದಿನ ಕಾಲಕ್ಕೆ ಯಾಕೆ ಹೋಗುತ್ತಾಳೆ? ‘ಬಾವಿಯಲ್ಲಿ ನೀಲಿ ಬೆಳಕು ಕಾಣಿಸಿತು, ಬಿದ್ದಳು’ ಎಂದರೆ ಅದು ಹೋದದ್ದು ಹೇಗೆ ಎಂದಾಯಿತು, ಯಾಕೆ ಎಂದಾಗಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಕಾಲಪ್ರಯಾಣದ ಆಸೆಯೆಲ್ಲ ಅಲ್ಲಿಂದಲೇ ಹುಟ್ಟುತ್ತದೆ. ಆಡಬಾರದ ಮಾತು ಆಡಿಬಿಟ್ಟಿದ್ದಾಳೆ, ಅಜ್ಜಿ ತೀರಿಕೊಳ್ಳುವ ಹೊತ್ತಿಗೆ ಪಕ್ಕದಲ್ಲಿರಲಿಲ್ಲ, ಗೆಳತಿಯ ಗುಟ್ಟು ಬಯಲು ಮಾಡಿದ್ದಾಳೆ. ಹದಿನೈದರ ವಯಸ್ಸಿಗೆ ಲೋಕ ಉಳಿಸುವುದಕ್ಕಿಂತ ಇವು ದೊಡ್ಡ ಸಂಕಟಗಳು. ಅಂಥದ್ದೊಂದು ಅವಳಿಗೆ ಕೊಡಿ.

ಇನ್ನು ನಿಯಮದ ಮಾತು. ಇಲ್ಲೇ ನಿಮ್ಮಲ್ಲಿ ಹೆಚ್ಚಿನವರು ಎಡವುವುದು. ಕಳೆದದ್ದನ್ನು ಬದಲಿಸಬಹುದೋ ಬದಲಿಸಲಾಗದೋ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಐದನೇ ಅಧ್ಯಾಯದಲ್ಲಿ ಬದಲಿಸಲಾಗದು, ಹದಿನೆಂಟರಲ್ಲಿ ನಾಯಕನಿಗಾಗಿ ಬದಲಿಸಬಹುದು ಎಂದರೆ ಓದುವ ಮಕ್ಕಳು ನಿಮ್ಮನ್ನು ಬಿಡುವುದಿಲ್ಲ. ನಮಗಿಂತ ಅವರ ಲೆಕ್ಕ ಚುರುಕು.

ಜೆ.ಕೆ. ರೌಲಿಂಗ್ 1999ರಲ್ಲಿ ಬರೆದ ‘ಹ್ಯಾರಿ ಪಾಟರ್ ಅಂಡ್ ದಿ ಪ್ರಿಸನರ್ ಆಫ್ ಅಜ್ಕಬಾನ್’ ನೀವು ಓದಿಯೇ ಇರುತ್ತೀರಿ. ಇನ್ನೊಮ್ಮೆ ಓದಿ, ಈ ಸಲ ಪೆನ್ಸಿಲ್ ಹಿಡಿದು. ಹರ್ಮೈನಿಯ ಕೊರಳಲ್ಲಿದ್ದ, ಕಾಲವನ್ನು ಹಿಂದಕ್ಕೆ ತಿರುಗಿಸುವ ಆ ಪುಟ್ಟ ಮರಳು ಗಡಿಯಾರವನ್ನು ಅವಳಿಗೆ ಕೊಡಿಸಿದ್ದು ಹೆಚ್ಚು ಪಾಠಗಳಿಗೆ ಹಾಜರಾಗಲೆಂದು. ಯಾರ ಕಣ್ಣಿಗೂ ಬೀಳಕೂಡದು ಎಂಬ ಕಟ್ಟುಪಾಡು ಜೊತೆಗಿತ್ತು. ವರ್ಷವಿಡೀ ಆ ಹುಡುಗಿ ಸುಸ್ತಾಗಿ, ಸಿಡುಕಿಯಾಗಿ, ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಾಳೆ. ಕಾರಣ ನಮಗೆ ಗೊತ್ತಾಗುವುದು ಕೊನೆಯಲ್ಲಿ. ಹಿಂದಕ್ಕೆ ಹೋದವರು ಅಲ್ಲಿ ಹೊಸದೇನನ್ನೂ ಮಾಡುವುದಿಲ್ಲ. ಮೊದಲ ಸಲ ಕೇಳಿಸಿದ್ದ ಹೆಜ್ಜೆಸಪ್ಪಳವೂ ಅವರದ್ದೇ ಆಗಿರುತ್ತದೆ. ಎಷ್ಟು ಬಿಗಿಯಾದ ಹೆಣಿಗೆ ನೋಡಿ.

ಆದರೆ ಅಂಥ ಅಸ್ತ್ರ ಒಮ್ಮೆ ಕೈಗೆ ಬಂದ ಮೇಲೆ ಪ್ರತಿ ಅನಾಹುತಕ್ಕೂ ‘ಅದನ್ನೇ ತಿರುಗಿಸಬಾರದಿತ್ತೇ’ ಎಂದು ಓದುಗರು ಕೇಳುತ್ತಾರೆ. ಮಾಡಿದ್ದುಣ್ಣೋ ಮಹರಾಯ. 2003ರ ಐದನೇ ಪುಸ್ತಕದಲ್ಲಿ ಆ ಗಡಿಯಾರಗಳಿದ್ದ ಗಾಜಿನ ಕಪಾಟನ್ನೇ ಕೆಡವಬೇಕಾಯಿತು. ಆಮೇಲೆ 2016ರ ನಾಟಕದಲ್ಲಿ ಅದು ಮರಳಿ ಬಂತು, ಅದೂ ಕಳೆದದ್ದನ್ನು ಬದಲಿಸಬಹುದೆಂಬ ಬೇರೆಯ ನಿಯಮದೊಂದಿಗೆ. ನನ್ನ ಮಟ್ಟಿಗೆ ಆ ಬಿಗಿ ಅಲ್ಲಿ ಸಡಿಲವಾಯಿತು.

ಇನ್ನೊಂದು ಪುಸ್ತಕ ಹೇಳುತ್ತೇನೆ, ಹುಡುಕಿ ಓದಿ. ಫಿಲಿಪಾ ಪಿಯರ್ಸ್ ಬರೆದ ‘ಟಾಮ್ಸ್ ಮಿಡ್‌ನೈಟ್ ಗಾರ್ಡನ್’. ಇಂಗ್ಲೆಂಡಿನಲ್ಲಿ 1958ರಲ್ಲಿ ಬಂದದ್ದು, ಕಾರ್ನೆಗಿ ಪದಕ ಪಡೆದದ್ದು. ತಮ್ಮನಿಗೆ ದಡಾರ ಬಂದಿದೆ ಎಂದು ಟಾಮ್‌ನನ್ನು ಚಿಕ್ಕಪ್ಪ ಚಿಕ್ಕಮ್ಮನ ಮನೆಗೆ ಕಳಿಸಿರುತ್ತಾರೆ. ಅಲ್ಲಿಯ ಹಳೆಯ ಗಡಿಯಾರ ರಾತ್ರಿ ಹದಿಮೂರು ಹೊಡೆಯುತ್ತದೆ, ಹಿತ್ತಿಲ ಬಾಗಿಲು ತೆರೆದರೆ ವಿಕ್ಟೋರಿಯಾ ರಾಣಿಯ ಕಾಲದ ತೋಟ. ಮಂತ್ರದಂಡ ಇಲ್ಲ, ರಾಕ್ಷಸರಿಲ್ಲ. ಟಾಮ್‌ಗೆ ಒಂದು ರಾತ್ರಿ ಕಳೆದರೆ ತೋಟದ ಹುಡುಗಿ ಹ್ಯಾಟಿಗೆ ತಿಂಗಳುಗಳೋ ವರ್ಷಗಳೋ ಕಳೆದಿರುತ್ತವೆ. ಅವಳು ಅವನ ಕಣ್ಣೆದುರೇ ದೊಡ್ಡವಳಾಗುತ್ತಾಳೆ. ಮಂಜಿನ ಮೇಲೆ ಜಾರುವ ಅವಳ ಸ್ಕೇಟುಗಳನ್ನು ಮನೆಯ ನೆಲದ ಹಲಗೆಯಡಿ ಅಡಗಿಸಿಡಲು ಟಾಮ್ ಅವಳಿಗೆ ಹೇಳುತ್ತಾನೆ, ತನ್ನ ಕಾಲದಲ್ಲಿ ಅದೇ ಹಲಗೆ ಎತ್ತಿ ನೋಡಿದರೆ ಅವು ಅಲ್ಲೇ ಇವೆ! ಅವನ್ನೇ ತೊಟ್ಟು ಮತ್ತೆ ಅವಳ ಕಾಲಕ್ಕೆ ಹೋಗಿ ಹೆಪ್ಪುಗಟ್ಟಿದ ನದಿಯ ಮೇಲೆ ಅವಳ ಜೊತೆ ಜಾರುತ್ತಾನೆ. ಒಂದೇ ಜೊತೆ ಸ್ಕೇಟು, ಇಬ್ಬರ ಕಾಲಲ್ಲೂ ಒಂದೇ ಹೊತ್ತಿಗೆ. ಇದಕ್ಕಿಂತ ದೊಡ್ಡ ಜಾದೂ ಬೇಕೇ? ಕೊನೆ ಏನೆಂದು ನಾನು ಹೇಳುವುದಿಲ್ಲ, ಪಕ್ಕದಲ್ಲಿ ಕರವಸ್ತ್ರ ಇಟ್ಟುಕೊಂಡು ಓದಿ.

ಮಾಯೆಯ ವಿಷಯದಲ್ಲಿ ಜಿಪುಣರಾಗಿ. ಬೆರಳು ಆಡಿಸಿದರೆ ಬೆಂಕಿ, ಕಣ್ಣು ಮುಚ್ಚಿದರೆ ಹಂಪಿ ಎಂದು ಬರೆದರೆ ನಿಮ್ಮ ನಾಯಕಿಗೆ ಕಷ್ಟವೇ ಇರುವುದಿಲ್ಲ, ಕಷ್ಟವಿಲ್ಲದ ಮೇಲೆ ಕಥೆ ಎಲ್ಲಿಂದ ಬರಬೇಕು? ಪ್ರತಿ ಸಲಕ್ಕೂ ಏನಾದರೂ ಕಳೆದುಕೊಳ್ಳಲಿ. ಮಿತಿಯೂ ಇರಲಿ. ಹಿಂದೆ ನಮ್ಮಲ್ಲಿ ಹೊತ್ತು ಅಳೆಯಲು ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುತ್ತಿದ್ದರು. ಅದು ತುಂಬಿ ಮುಳುಗಿದರೆ ಒಂದು ಗಳಿಗೆ, ಅಂದರೆ 24 ನಿಮಿಷ. ಹಗಲು ರಾತ್ರಿ ಸೇರಿ 60 ಗಳಿಗೆ. ಬಟ್ಟಲು ಮುಳುಗುವಷ್ಟರಲ್ಲಿ ಮರಳಿ ಬರಬೇಕು ಎಂಬ ನಿಯಮ ಇಟ್ಟು ನೋಡಿ, ಕೈ ತಾನೇ ಓಡುತ್ತದೆ. ಬೇಕಾದರೆ ಈ ಬಟ್ಟಲನ್ನು ಎತ್ತಿಕೊಳ್ಳಿ, ನಾನೇನೂ ಕೇಳುವುದಿಲ್ಲ. ಹ್ಯಾರಿ ಪಾಟರ್‌ನ ಆ ಸ್ಕಾಟ್ಲೆಂಡಿನ ಶಾಲೆ, ಹಣೆಯ ಗಾಯ, ಉದ್ದನೆಯ ನಿಲುವಂಗಿಗಳನ್ನು ಮಾತ್ರ ದಯವಿಟ್ಟು ಅಲ್ಲೇ ಬಿಟ್ಟುಬನ್ನಿ.

ಈಗ ಹಂಪಿಗೆ ಬರೋಣ. ನಿಮ್ಮಲ್ಲಿ ಮುಕ್ಕಾಲು ಪಾಲು ಜನ ಹುಡುಗಿಯನ್ನು ಕೃಷ್ಣದೇವರಾಯನ ಕಾಲಕ್ಕೇ ಕಳಿಸುತ್ತೀರಿ. ಕಳಿಸಿ, ಬೇಡ ಅನ್ನುವುದಿಲ್ಲ. ಆದರೆ ಹೋದ ತಕ್ಷಣ ಅವಳಿಗೆ ಮೆಣಸಿನಕಾಯಿ ಬಜ್ಜಿ, ಟೊಮೆಟೊ ಸಾರು, ಕಾಫಿ ಕೊಡಿಸುತ್ತೀರಲ್ಲ, ನನಗೆ ಎಲ್ಲಿಲ್ಲದ ಕೋಪ ಬರುವುದು ಆಗ. ಅವನು ಆಳಿದ್ದು 1509ರಿಂದ 1529. ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರ ಹಡಗಿನ ಜೊತೆ ನಮ್ಮ ಕರಾವಳಿಗೆ ಬಂದದ್ದು. ಒಳನಾಡಿನ ಮನೆಮನೆಯ ಒಗ್ಗರಣೆಗೆ ಅದಿನ್ನೂ ಇಳಿದಿರಲಿಲ್ಲ. ಖಾರಕ್ಕೆ ಕರಿಮೆಣಸು, ಶುಂಠಿ, ಹಿಪ್ಪಲಿ. ಟೊಮೆಟೊ, ಆಲೂಗಡ್ಡೆ, ಕಡಲೆಕಾಯಿ, ಗೋಡಂಬಿ, ಸೀಬೆ, ಪರಂಗಿ, ಎಲ್ಲವೂ ಆ ಕಡೆಯಿಂದಲೇ ಬಂದವು. ಕಾಫಿಯ ಬಾಬಾ ಬುಡನ್ ಕಥೆಯೂ ಹದಿನೇಳನೇ ಶತಮಾನದ್ದು. ಇಡ್ಲಿ ಮಾತ್ರ ಧಾರಾಳವಾಗಿ ಬಡಿಸಿ, ಹತ್ತನೇ ಶತಮಾನದ ವಡ್ಡಾರಾಧನೆಯಲ್ಲೇ ಇಡ್ಡಲಿಗೆಯ ಮಾತಿದೆ. ಹೆಚ್ಚು ಬೇಕೆಂದರೆ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ನೋಡಿ. ರಾಯ ಪಟ್ಟಕ್ಕೆ ಬಂದ ಹೊತ್ತಿನ ಸುಮಾರಿನ ಅಡುಗೆ ಪುಸ್ತಕ, ಷಟ್ಪದಿಯಲ್ಲಿ ಬರೆದದ್ದು. ನಿಮ್ಮ ಕಥೆಗೆ ಇದಕ್ಕಿಂತ ಒಳ್ಳೆಯ ಅಡುಗೆಭಟ್ಟ ಸಿಗಲಾರ.

ಕಲ್ಲಿನ ವಿಷಯದಲ್ಲೂ ಹಾಗೇ. ಉಗ್ರನರಸಿಂಹ ಪ್ರತಿಷ್ಠೆಯಾದದ್ದು 1528ರಲ್ಲಿ. 1520ಕ್ಕೆ ಹೋದ ನಿಮ್ಮ ಹುಡುಗಿ ಅದರ ಮುಂದೆ ಕೈಮುಗಿದು ನಿಲ್ಲುವಂತಿಲ್ಲ. 1528ರ ಆಚೆಗೆ ಹೋದಳೆಂದರೆ ಅವನ ತೊಡೆಯ ಮೇಲೆ ಲಕ್ಷ್ಮಿ ಇರಬೇಕು, ಈಗಿನ ಹಾಗೆ ಒಂಟಿಯಾಗಿ ಕೂರಿಸಬೇಡಿ. ಹಂಪಿಗೆ ಪ್ರವಾಸ ಹೋಗಿ ತೆಗೆದ ಫೋಟೊ ನೋಡಿಕೊಂಡು ಬರೆದರೆ ಹೀಗೇ ಆಗುವುದು. ಊರು ಪಾಳುಬಿದ್ದ ಮೇಲಿನ ಚಿತ್ರ ಅದು, ನಿಮಗೆ ಬೇಕಾದದ್ದು ಜನ ಗಿಜಿಗುಡುತ್ತಿದ್ದ ಪೇಟೆ. ಅದಕ್ಕೆ ಕಣ್ಣಾರೆ ಕಂಡವರ ಬರಹ ಇದೆ. ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ 1443ರಲ್ಲಿ ಬಂದಿದ್ದ, ಗುಲಾಬಿ ಇಲ್ಲದೆ ಈ ಊರವರು ಬದುಕಲಾರರೇನೋ ಎನ್ನುವಷ್ಟು ಹೂವಿನ ಮಾರಾಟ ಕಂಡಿದ್ದ. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ 1520ರ ಸುಮಾರಿಗೆ ಬಂದ. ಅವನ ನಂತರದ ನುನಿಜ್, ಅರಮನೆಯಲ್ಲಿ ಕುಸ್ತಿಯಾಡುವ ಹೆಂಗಸರಿದ್ದರು, ಒಳಗಿನ ಖರ್ಚುವೆಚ್ಚದ ಲೆಕ್ಕ ಬರೆಯುವ ಹೆಂಗಸರಿದ್ದರು ಎಂದು ಬರೆದಿದ್ದಾನೆ. ನೋಡಿ, ನಿಮ್ಮ ನಾಯಕಿಗೆ ಕೆಲಸವೂ ಸಿಕ್ಕಿತು, ಗೆಳತಿಯರೂ ಸಿಕ್ಕರು. ಸುಮ್ಮನೆ ಅವಳನ್ನು ರಾಜಕುಮಾರಿಯ ಸಖಿಯಾಗಿ ಜಡೆ ಹೆಣೆಯಲು ಕೂರಿಸಬೇಡಿ.

ದಿನಾಂಕಕ್ಕೆ ಪಂಚಾಂಗ ಬಳಸಿ. ಆ ಕಾಲದವರು ‘ಇದು 1565’ ಎನ್ನುವುದಿಲ್ಲ, ಶಕ ವರ್ಷ ಹೇಳುತ್ತಾರೆ, ಸಂವತ್ಸರ ಹೇಳುತ್ತಾರೆ. ಶಕಕ್ಕೆ 78 ಸೇರಿಸಿದರೆ ನಮ್ಮ ಲೆಕ್ಕ. ಸಂವತ್ಸರಗಳು ಅರವತ್ತೇ, ಮುಗಿದ ಮೇಲೆ ಮತ್ತೆ ಪ್ರಭವದಿಂದ ಶುರು. 2025ರ ಯುಗಾದಿಗೆ ಬಂದ ವಿಶ್ವಾವಸು 1965ರಲ್ಲೂ ಬಂದಿತ್ತು, 1905ರಲ್ಲೂ. ನಿಮ್ಮ ಹುಡುಗಿಗೆ ಒಂದು ಓಲೆ ಸಿಕ್ಕಿ ಅದರಲ್ಲಿ ಸಂವತ್ಸರದ ಹೆಸರಷ್ಟೇ ಇದ್ದರೆ ಯಾವ ಸುತ್ತಿನದೆಂದು ಹೇಗೆ ತಿಳಿಯಬೇಕು? ಅರವತ್ತು ವರ್ಷ ತಪ್ಪಿ ಇಳಿದರೆ ಅಪ್ಪನ ಬದಲು ಮುತ್ತಜ್ಜ ಎದುರಾಗುತ್ತಾನೆ! ಇಷ್ಟು ಚೆಂದದ ಸಿಕ್ಕು ನಮ್ಮ ಮನೆಗೋಡೆಯಲ್ಲೇ ತೂಗುತ್ತಿದೆ, ನೀವು ‘ಪೋರ್ಟಲ್’ ಹುಡುಕುತ್ತಿದ್ದೀರಿ. ವಿಜಯನಗರ ಸೋತ ಯುದ್ಧ ನಡೆದ ಸಂವತ್ಸರದ ಹೆಸರು ರಕ್ತಾಕ್ಷಿ. ನೀವಾಗಿ ಕಲ್ಪಿಸಿ ಬರೆದಿದ್ದರೆ ‘ಅತಿಯಾಯಿತು, ತೆಗೆಯಿರಿ’ ಎಂದು ನಾನೇ ಹೊಡೆದುಹಾಕುತ್ತಿದ್ದೆ.

ಹಿತ್ತಲ ಗಿಡ ಮದ್ದಲ್ಲ ಎಂಬ ಧೋರಣೆ ಬಿಡಿ. ಭಾಗವತದ ಕಕುದ್ಮಿ ರಾಜ ಮಗಳು ರೇವತಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋಗಿ, ಅಲ್ಲಿ ನಡೆಯುತ್ತಿದ್ದ ಗಂಧರ್ವರ ಸಂಗೀತ ಮುಗಿಯಲೆಂದು ಸ್ವಲ್ಪ ಹೊತ್ತು ಕಾದ. ಅಷ್ಟರಲ್ಲಿ ಭೂಮಿಯ ಮೇಲೆ ಇಪ್ಪತ್ತೇಳು ಚತುರ್ಯುಗ ಕಳೆದಿತ್ತು, ಅವನು ಮನಸ್ಸಿನಲ್ಲಿಟ್ಟುಕೊಂಡು ಹೋಗಿದ್ದ ವರಗಳ ಹೆಸರು ಹೇಳುವವರೂ ಉಳಿದಿರಲಿಲ್ಲ. ರೇವತಿಯನ್ನು ಬಲರಾಮನಿಗೆ ಕೊಟ್ಟರು. ಆ ಹುಡುಗಿಗೆ ಏನನ್ನಿಸಿತು ಎಂದು ಪುರಾಣ ಹೇಳುವುದಿಲ್ಲ. ಗೆಳತಿಯರೆಲ್ಲ ಯುಗಗಳ ಹಿಂದೆ ಸತ್ತಿದ್ದಾರೆ, ಸುತ್ತಲಿನವರೆಲ್ಲ ಅವಳಿಗಿಂತ ಕುಳ್ಳರು. ಅದನ್ನು ನೀವು ಬರೆಯಬಹುದು.

ಇತಿಹಾಸವನ್ನು ಹೊನ್ನಿನ ಕಾಲ ಎಂದು ಉಬ್ಬಿಸಲೂ ಬೇಡಿ, ಈಗಿನ ಬುದ್ಧಿ ಹೇಳಿ ಅಲ್ಲಿಯವರನ್ನು ತಿದ್ದಲು ಹೊರಡಲೂ ಬೇಡಿ. ಮೊಬೈಲ್ ಟಾರ್ಚ್ ತೋರಿಸಿ ಸೇನಾಪತಿಯನ್ನು ಬೆರಗುಗೊಳಿಸುವ ದೃಶ್ಯ ಸಾಕಾಗಿದೆ. ಬದಲಿಗೆ ಅಲ್ಲಿಯವರನ್ನು ಇಲ್ಲಿಗೆ ಕರೆತನ್ನಿ. ಇ. ನೆಸ್ಬಿಟ್ 1906ರಲ್ಲೇ ತಮ್ಮ ಮಕ್ಕಳ ಕಾದಂಬರಿಯಲ್ಲಿ ಬ್ಯಾಬಿಲೋನಿನ ರಾಣಿಯನ್ನು ಲಂಡನ್ನಿಗೆ ತಂದರು. ವಸ್ತುಸಂಗ್ರಹಾಲಯದಲ್ಲಿದ್ದ ತನ್ನ ಒಡವೆಗಳನ್ನು ಕಂಡು ಅವಳು ‘ಇವು ನನ್ನವು, ಕೊಡಿ’ ಎಂದು ಪಟ್ಟು ಹಿಡಿಯುತ್ತಾಳೆ. ಕಮಲಾಪುರದ ವಸ್ತುಸಂಗ್ರಹಾಲಯಕ್ಕೆ ಹಂಪಿಯ ಹೂವಾಡಗಿತ್ತಿ ಬಂದರೆ ಏನೆಂದಾಳು? ಯೋಚಿಸಿ.

ಕೆಲಸದ ಮಾತು ಇನ್ನೊಂದೆರಡು. ಒಂದು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆದು, ಒಂದರಲ್ಲಿ ಹುಡುಗಿಗೆ ಕಳೆದ ದಿನ, ಇನ್ನೊಂದರಲ್ಲಿ ಲೋಕದ ದಿನ ಬರೆಯುತ್ತಾ ಹೋಗಿ. ಹುಣ್ಣಿಮೆ, ಮಳೆ, ಅವಳ ವಯಸ್ಸು ಎಲ್ಲ ಅದರಲ್ಲಿರಲಿ. ತಲೆಯಲ್ಲಿದೆ ಅನ್ನಬೇಡಿ, ಇರುವುದಿಲ್ಲ. ‘ಎಲ್ಲ ಕನಸಾಗಿತ್ತು’ ಎಂದು ಮುಗಿಸಬೇಡಿ, ಮುನ್ನೂರು ಪುಟ ಓದಿದವರಿಗೆ ಅದು ದ್ರೋಹ. ಅಪ್ಪ ಅಮ್ಮನನ್ನು ದಡ್ಡರನ್ನಾಗಿ ಮಾಡದೆಯೂ ಮಕ್ಕಳನ್ನು ಜಾಣರಾಗಿ ತೋರಿಸಬಹುದು.

ಬರೆದದ್ದನ್ನು ಹೊಗಳುವ ಗೆಳೆಯರಿಗೆ ಕಳಿಸಿ ಕಾಯುತ್ತಾ ಕೂರಬೇಡಿ. ಪಕ್ಕದ ಮನೆಯ ಒಂಬತ್ತನೇ ತರಗತಿಯವಳನ್ನು ಕೂರಿಸಿ ಗಟ್ಟಿಯಾಗಿ ಓದಿ, ಅವಳು ಫೋನಿಗೆ ಕೈಹಾಕಿದ ಜಾಗಕ್ಕೆ ಗುರುತು ಹಾಕಿ, ಅಲ್ಲಿ ತಿದ್ದಿ. ಪ್ರಕಾಶಕರು ಬೇಡವೆಂದರೆ ಅತ್ತು ಮಲಗಬೇಡಿ. ಮ್ಯಾಡಲಿನ್ ಲೆಂಗಲ್ ಅವರ ‘ಎ ರಿಂಕಲ್ ಇನ್ ಟೈಮ್’ ಇಪ್ಪತ್ತಕ್ಕೂ ಹೆಚ್ಚು ಕಡೆಯಿಂದ ವಾಪಸು ಬಂದು, 1962ರಲ್ಲಿ ಅಚ್ಚಾಗಿ, ಮರುವರ್ಷ ನ್ಯೂಬೆರಿ ಪದಕ ಪಡೆಯಿತು. ಕಳಿಸುವ ಮುನ್ನ ಅಕಾರ ಹಕಾರ ಸರಿ ಇದೆಯೇ ನೋಡಿ, ಪುಟಸಂಖ್ಯೆ ಹಾಕಿ, ಒಂದು ಪ್ರತಿ ನಿಮ್ಮದೇ ಮಿಂಚಂಚೆಗೆ ಕಳಿಸಿಟ್ಟುಕೊಳ್ಳಿ. ಕಂಪ್ಯೂಟರ್ ಕೆಟ್ಟಿತು, ಆರು ಅಧ್ಯಾಯ ಹೋಯಿತು ಎಂದು ನನ್ನ ಹತ್ತಿರ ಬಂದರೆ, ಹಿಂದಿನ ವಾರಕ್ಕೆ ಹೋಗಿ ತರಲು ನನಗಂತೂ ಬರುವುದಿಲ್ಲ.