ರಾಜಹಕ್ಕಿಯ ದ್ವೀಪದ ಬಂಧು

ಶಿವಮೊಗ್ಗದಿಂದ ತೀರ್ಥಹಳ್ಳಿಯ ದಾರಿಯಲ್ಲಿ ಹೊರಟವರಿಗೆ ಹತ್ತು ಹನ್ನೆರಡು ಕಿಲೋಮೀಟರು ಕಳೆಯುತ್ತಲೇ ಗಾಜನೂರು ಸಿಗುತ್ತದೆ. ತುಂಗೆಗೆ ಅಣೆಕಟ್ಟು ಕಟ್ಟಿರುವುದು ಇಲ್ಲಿಯೇ. ಬಂದವರ ದೃಷ್ಟಿ ಮೊದಲು ವಿಶಾಲವಾದ ಜಲರಾಶಿಯ ಮೇಲೆ, ಆಮೇಲೆ ಹತ್ತಿರದ ಸಕ್ರೆಬೈಲಿನ ಆನೆಗಳ ಮೇಲೆ ಹರಿಯುವುದು ಸಹಜ. ಮರಗಳ ನೆರಳಿನಲ್ಲಿ ಹುಳುಹುಪ್ಪಟೆ ಹಿಡಿಯುವ ಪುಟ್ಟ ಹಕ್ಕಿಯನ್ನು ಅರಸುವವರು ವಿರಳ. ಆದರೆ ಒಮ್ಮೆ ಕಂಡವರು ರಾಜಹಕ್ಕಿಯನ್ನು ಮರೆಯಲಾರರು.

ಇದರ ಮೈ ಪಿಕಳಾರದಷ್ಟೇ. ತಲೆ ಕಪ್ಪು, ಅದರ ಮೇಲೊಂದು ಜುಟ್ಟು. ಬಲಿತ ಗಂಡಿನ ಬಾಲದ ನಡುವಿನ ಎರಡು ಗರಿಗಳು ಮಾತ್ರ ಸುಮಾರು 30 ಸೆಂಟಿಮೀಟರು ಉದ್ದ ಬೆಳೆದು, ಹಾರುವಾಗ ಬಿಳಿಯ ಪಟ್ಟಿಗಳಂತೆ ತೇಲುತ್ತವೆ. ಮೈಯೆಲ್ಲ ಕೆಂಗಂದು ಬಣ್ಣದ ಗಂಡುಗಳೂ ಉಂಟು; ಹೆಣ್ಣು ಕೆಂಗಂದು, ಬಾಲ ಮೋಟು. ಚಳಿಗಾಲದಲ್ಲಿ ಉತ್ತರದಿಂದ ವಲಸೆ ಬಂದವೂ ನಮ್ಮ ಕಾಡುಗಳನ್ನು ಸೇರುತ್ತವೆ. ಕೊಂಬೆಯಿಂದ ಚಿಮ್ಮಿ, ಗಾಳಿಯಲ್ಲಿಯೇ ಕೀಟವನ್ನು ಹಿಡಿದು ಮತ್ತೆ ನೆರಳಿಗೆ ಮರಳುವುದು ಇದರ ಕ್ರಮ. ನಾರು, ಕಡ್ಡಿಗಳನ್ನು ಜೇಡರ ಬಲೆಯಿಂದ ಬಿಗಿದು ಬಟ್ಟಲಿನಂಥ ಗೂಡು ಹೆಣೆದು ಮೂರೋ ನಾಲ್ಕೋ ಮೊಟ್ಟೆಯಿಡುತ್ತದೆ. ಅಷ್ಟು ಉದ್ದದ ಬಾಲವನ್ನು ಗೂಡಿನ ಹೊರಗೆ ಇಳಿಬಿಟ್ಟುಕೊಂಡು ಗಂಡೂ ಕಾವಿಗೆ ಕೂರುತ್ತದೆಂಬುದು ಸೋಜಿಗವೇ ಸರಿ!

ಈ ಹಕ್ಕಿಯ ಕುಲದವರಲ್ಲಿ ಕೆಲವರು ಉಷ್ಣವಲಯದ ದ್ವೀಪವಾಸಿಗಳು. ಹಿಂದೂ ಮಹಾಸಾಗರದ ಮಡಗಾಸ್ಕರ್, ಮಾರಿಷಸ್, ಸೇಷೆಲ್ಸ್ ದ್ವೀಪಗಳಲ್ಲಿ ಇದರ ಹತ್ತಿರದ ಬಂಧುಗಳಿವೆ. ಸೇಷೆಲ್ಸಿನ ಗಂಡು ನೀಲಿ ಹೊಳಪಿನ ಕಡುಗಪ್ಪು ಬಣ್ಣದ್ದು. ಅದರ ಉಡುಪನ್ನು ಕಂಡು ಅಲ್ಲಿಯವರು ಅದಕ್ಕೆ 'ವಿಧವೆ' ಎಂಬರ್ಥದ ಹೆಸರಿಟ್ಟಿದ್ದಾರೆ. ಗಂಡಿಗೆ ಇಂಥ ಹೆಸರು ಬಂದದ್ದು ವಿಚಿತ್ರ. ಅದು ನೆಚ್ಚಿಕೊಂಡಿರುವ ಮರಗಳಾದರೋ ನಮಗೆ ಅಪರಿಚಿತವಲ್ಲ: ಸುರಹೊನ್ನೆ ಮತ್ತು ಕಾಡುಬಾದಾಮಿ.

ನಮ್ಮ ರಾಜಹಕ್ಕಿಗೆ ಒಂದು ಕಾಡು ಕಡಿದುಹೋದರೆ ಹಾರಿಹೋಗಲು ಇನ್ನೊಂದಾದರೂ ಇದ್ದೀತು. ದ್ವೀಪದ ಹಕ್ಕಿಗೆ ಸುತ್ತಲೂ ಕಡಲು. ಮನೆಗಳಿಗೂ ತೋಟಗಳಿಗೂ ಮರಗಳು ಉರುಳಿದಂತೆ ಅದರ ನೆಲೆ ಕುಗ್ಗುತ್ತ ಬಂದು, ಕೊನೆಗೆ ಅದರ ಸಂತಾನ ಉಳಿದದ್ದು ಸುಮಾರು 10 ಚದರ ಕಿಲೋಮೀಟರಿನ ಲಾ ಡೀಗ್ ಎಂಬ ದ್ವೀಪವೊಂದರಲ್ಲೇ. ಒಂದು ಗೂಡಿಗೆ ಅದು ಇಡುವುದು ಒಂದೇ ಮೊಟ್ಟೆ. ಕಳೆದುಕೊಂಡದ್ದನ್ನು ಬೇಗ ತುಂಬಿಕೊಳ್ಳುವ ಶಕ್ತಿಯೂ ಅದಕ್ಕಿರಲಿಲ್ಲ. ಒಂದು ರೋಗವೋ ಒಂದು ಕಾಳ್ಗಿಚ್ಚೋ ಬಂದಿದ್ದರೆ ಇಡೀ ಕುಲವೇ ಅಳಿಯುತ್ತಿತ್ತು.

2008ರಲ್ಲಿ ಲಾ ಡೀಗ್‌ನಿಂದ 23 ಹಕ್ಕಿಗಳನ್ನು ಹಿಡಿದು ಡೆನಿಸ್ ಎಂಬ ಇನ್ನೊಂದು ಪುಟ್ಟ ದ್ವೀಪಕ್ಕೆ ಸಾಗಿಸಿದರು. ಅಲ್ಲಿ ಮೊದಲೇ ಇಲಿಗಳನ್ನು ನಿರ್ಮೂಲಮಾಡಿ, ಕಾಡನ್ನು ಮರಳಿ ಬೆಳೆಸುವ ಕೆಲಸ ನಡೆದಿತ್ತು. ಇರುವುದೇ ಕೆಲವು ನೂರು ಹಕ್ಕಿಗಳಾಗಿರುವಾಗ ಅವುಗಳಲ್ಲಿ ಕೆಲವನ್ನು ಹಿಡಿದು ಕಡಲು ದಾಟಿಸಲು ಎದೆಗಾರಿಕೆ ಬೇಕು. ಹೊಸ ನೆಲದಲ್ಲಿ ಹಕ್ಕಿಗಳು ಗೂಡು ಕಟ್ಟಿದವು, ಮರಿ ಮಾಡಿದವು. 2020ರಲ್ಲಿ ಈ ಜಾತಿಯನ್ನು ಅಳಿವಿನ ಅತಿ ಗಂಭೀರ ಅಂಚಿನ ಪಟ್ಟಿಯಿಂದ ತೆಗೆದು, ಅಷ್ಟು ತೀವ್ರವಲ್ಲದ ಅಪಾಯದ ಪಟ್ಟಿಗೆ ಸೇರಿಸಲಾಯಿತು. ಡೆನಿಸ್ ದ್ವೀಪದಲ್ಲಿ ಅವು ಕೀಟ ಹಿಡಿಯುವುದು ಈಗಲೂ ಕಾಡುಬಾದಾಮಿಯ ನೆರಳಿನಲ್ಲಿಯೇ.