ಗಂಟಲು ಕ್ಯಾನ್ಸರ್ ರೋಗಿಗಳು ಮತ್ತು ಕೊರೊನಾ: ಮನೆಯವರು ತಿಳಿದಿರಬೇಕಾದ ವಿಷಯಗಳು



ಕಾಲುಬಾಯಿ ಜ್ವರ ಬಂದ ಹಸುವಿನ ಪಾಡು ನಿಮಗೆ ಗೊತ್ತು. ಬಾಯಲ್ಲಿ ಹುಣ್ಣಾಗಿ, ಮೇವು ಮುಟ್ಟದೆ ಸೊರಗುತ್ತದೆ. ಸೊರಗಿದ ಹಸುವಿಗೆ ಬೇರೆ ರೋಗ ಬೇಗ ತಗಲುತ್ತದೆ. ಗಂಟಲು ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆಯುವವರ ಸ್ಥಿತಿಯೂ ಹೀಗೆಯೇ. ಗಂಟಲು ಹುಣ್ಣಾಗಿ ಅನ್ನ ನುಂಗಲಾಗದೆ ದೇಹ ಬಡವಾಗುತ್ತದೆ.

ಕೊರೊನಾದ ತುರ್ತು ಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಸಾರಿತು. ಆದರೆ ವೈರಾಣು ಹೋಗಿಲ್ಲ. ಗಟ್ಟಿಮುಟ್ಟಾದವರಿಗೆ ನೆಗಡಿಯಂತೆ ಬಂದು ಹೋಗುವ ಈ ಸೋಂಕು ಗಂಟಲು ಕ್ಯಾನ್ಸರ್ ರೋಗಿಗಳಿಗೆ ಅಪಾಯಕಾರಿ ಆಗಬಹುದು. ಕಾರಣಗಳು ಹೀಗಿವೆ:

1. ಕೀಮೋ ಔಷಧಿಯಿಂದ ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳು ಕಡಿಮೆಯಾಗುತ್ತವೆ.

2. ಬಹುಕಾಲ ಬೀಡಿ, ಸಿಗರೇಟು ಸೇದಿದವರ ಶ್ವಾಸಕೋಶ ಮೊದಲೇ ದುರ್ಬಲವಾಗಿರುತ್ತದೆ.

3. ಧ್ವನಿಪೆಟ್ಟಿಗೆ ತೆಗೆದವರು ಕುತ್ತಿಗೆಯ ರಂಧ್ರದಿಂದ ಉಸಿರಾಡುತ್ತಾರೆ. ಗಾಳಿಯನ್ನು ಸೋಸುವ ಮೂಗಿನ ಕೆಲಸ ಅವರಿಗೆ ದೊರೆಯದು.

ಇವೆಲ್ಲಕ್ಕಿಂತ ದೊಡ್ಡ ನಷ್ಟವೆಂದರೆ ಚಿಕಿತ್ಸೆ ತಡವಾಗುವುದು. 2020ರ ಮಾರ್ಚ್ ಕೊನೆಯಲ್ಲಿ ದೇಶವೆಲ್ಲ ಲಾಕ್‌ಡೌನ್ ಆದಾಗ, ವಿರಾಜಪೇಟೆಯಿಂದ ಕಣ್ಣೂರಿಗೆ ಹೋಗುವ ಮಾಕುಟ್ಟ ರಸ್ತೆಗೂ ಮಣ್ಣು ಸುರಿದು ಮುಚ್ಚಲಾಗಿತ್ತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಾಗಲಿ, ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಕೇಂದ್ರವಾಗಲಿ, ನಮ್ಮ ಜಿಲ್ಲೆಯವರಿಗೆ ಎಷ್ಟು ದೂರವೆಂದು ಆಗ ಅರಿವಾಯಿತು. ಈಗ ದಾರಿ ತೆರೆದಿದೆ. ಸೋಂಕಿನ ಭಯದಿಂದ ನಾವೇ ಚಿಕಿತ್ಸೆಯನ್ನು ಮುಂದೂಡಬಾರದು.

ಮನೆಯವರು ಅನುಸರಿಸಬೇಕಾದ ಕ್ರಮಗಳು:

* ಬೆಳಿಗ್ಗೆ, ಸಂಜೆ ಸಂಘಕ್ಕೆ ಹಾಲು ಹಾಕಿ ಬಂದವರು ಸೋಪಿನಿಂದ ಕೈ ತೊಳೆದು ನಂತರ ರೋಗಿಯ ಬಳಿ ಹೋಗಬೇಕು. ಕೆಮ್ಮು, ನೆಗಡಿ ಇದ್ದವರು ಬೇರೆ ಕೋಣೆಯಲ್ಲಿ ಮಲಗಬೇಕು. ಹತ್ತಿರ ಹೋಗಲೇಬೇಕಾದರೆ ಮಾಸ್ಕ್ ಧರಿಸಬೇಕು.

* ಕುತ್ತಿಗೆಯಲ್ಲಿ ರಂಧ್ರ ಇರುವವರು ಮೂಗು, ಬಾಯಿಯ ಜೊತೆಗೆ ರಂಧ್ರವನ್ನೂ ಗಾಳಿಯಾಡುವ ಶುಭ್ರ ಹೊದಿಕೆಯಿಂದ ಮುಚ್ಚಿಕೊಳ್ಳಬೇಕು. ಕೊರೊನಾ ಪರೀಕ್ಷೆಯ ಸಮಯದಲ್ಲಿ ರಂಧ್ರದ ವಿಷಯ ತಿಳಿಸಬೇಕು.

* ಕೀಮೋ ಪಡೆಯುವವರಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರ ಬಂದರೆ ಮನೆಮದ್ದು ಮಾಡುತ್ತ ಕೂರಬೇಡಿ. ಅದೇ ದಿನ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಒಯ್ಯಿರಿ.

* ಸೋಂಕು ತಗುಲಿದರೆ ಚಿಕಿತ್ಸೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಎಷ್ಟು ದಿನ ಕಾಯಬೇಕೆಂದು ಕ್ಯಾನ್ಸರ್ ವೈದ್ಯರನ್ನೇ ಕೇಳಿರಿ. ಲಸಿಕೆಯ ಬಗ್ಗೆಯೂ ಅವರ ಸಲಹೆ ಪಡೆಯಿರಿ.

ಕೊನೆಯದಾಗಿ ಎಲ್ಲ ಸದಸ್ಯರಿಗೂ ಒಂದು ಮಾತು. ಕೊರೊನಾದಿಂದ ಬಂದ ಗಂಟಲು ನೋವು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಮೂರು ವಾರ ಕಳೆದರೂ ಧ್ವನಿ ಒಡೆದೇ ಇದ್ದರೆ, ನುಂಗುವಾಗ ನೋವಿದ್ದರೆ ಅಥವಾ ಕುತ್ತಿಗೆಯಲ್ಲಿ ಗಂಟು ಕಂಡರೆ, ಮಳೆಗಾಲದ ಶೀತವೆಂದು ಸುಮ್ಮನಿರಬೇಡಿ. ಹೊಗೆಸೊಪ್ಪು, ಬೀಡಿ, ಮದ್ಯದ ಅಭ್ಯಾಸವಿರುವವರು ಇನ್ನಷ್ಟು ಎಚ್ಚರವಾಗಿರಬೇಕು. ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸಿರಿ. ಕೆಚ್ಚಲಿನಲ್ಲಿ ಸಣ್ಣ ಗಂಟು ಕಂಡರೂ ಪಶುವೈದ್ಯರನ್ನು ಕರೆಸುವ ನಾವು ನಮ್ಮ ಗಂಟಲಿನ ಬಗ್ಗೆ ಉದಾಸೀನ ಮಾಡಬಾರದು. ಬೇಗ ಪತ್ತೆಯಾದ ಗಂಟಲು ಕ್ಯಾನ್ಸರ್ ಗುಣವಾಗುವ ಸಾಧ್ಯತೆ ಹೆಚ್ಚು.